ಸೂಪರ್‌ಸೀಡ್ ಮಾಡಿದ ಲಾಟ್ ಸಾಹೇಬರು

ಪಂಚಾಯ್ತಿ ಇರಲಿ, ಸೊಸೈಟಿ ಇರಲಿ, ಪುರಸಭೆ ಇರಲಿ, ಒಳಜಗಳ ಎದ್ದು ಲೆಕ್ಕಪತ್ರ ಏರುಪೇರಾಯಿತು ಅಂದರೆ ನಮ್ಮ ಕಡೆ ಮೊದಲು ಕೇಳಿಬರುವ ಮಾತು ಒಂದೇ. ಸೂಪರ್‌ಸೀಡ್ ಮಾಡಿ! ಕೂಡಲೇ ಮೇಲಿನಿಂದ ಆರ್ಡರ್ ಬರುತ್ತದೆ. ಚುನಾಯಿತರು ಮನೆಗೆ, ಆಡಳಿತಾಧಿಕಾರಿ ಕುರ್ಚಿಗೆ. ಆರು ತಿಂಗಳು ಅಂತ ಬಂದವರು ವರ್ಷಗಟ್ಟಲೆ ಕೂತದ್ದನ್ನೂ ನಾವು ನೋಡಿದ್ದೇವೆ.

ಒಂದು ಇಡೀ ಸಂಸ್ಥಾನವೇ ಹೀಗೆ ಸೂಪರ್‌ಸೀಡ್ ಆಗಿತ್ತು ಅಂದರೆ ನಂಬುತ್ತೀರಾ? ಆಗಿತ್ತು. 1831ರಲ್ಲಿ. ಮೈಸೂರು ಸಂಸ್ಥಾನ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯೂ ಅದರೊಳಗೇ ಇತ್ತು. ಅರಸರ ಕೈಯಿಂದ ಹೋದ ಅಧಿಕಾರ ಅರಮನೆಗೆ ವಾಪಸು ಬರಲು ಹತ್ತಿರ ಹತ್ತಿರ 50 ವರ್ಷ ಹಿಡಿಯಿತು. ಆರ್ಡರ್ ಮಾಡಿಸಿಕೊಂಡ ಅರಸರು ಅಷ್ಟರಲ್ಲಿ ಕಣ್ಣು ಮುಚ್ಚಿದ್ದರು. ಆರ್ಡರ್ ಮಾಡಿದ ಸಾಹೇಬರೂ ಕಣ್ಣು ಮುಚ್ಚಿ ದಶಕಗಳಾಗಿದ್ದವು.

ಆ ಸಾಹೇಬರು ಲಾರ್ಡ್ ವಿಲಿಯಂ ಬೆಂಟಿಂಕ್. ಸತಿ ಪದ್ಧತಿ ನಿಲ್ಲಿಸಿದವರು ಯಾರು ಅಂತ ಶಾಲೆಯಲ್ಲಿ ಕೇಳಿದಾಗ ನಾವೆಲ್ಲ ಒಪ್ಪಿಸುತ್ತಿದ್ದ ಹೆಸರು. ಅದೇ ಮನುಷ್ಯನ ಬಾಳಿನಲ್ಲಿ ಮೈಸೂರು ಸೀಮೆಯ ಹೆಸರು ಎರಡು ಸಲ ಬರುತ್ತದೆ. ಎರಡು ಸಲವೂ ಒಳ್ಳೆಯದಕ್ಕಲ್ಲ.

ದೊಡ್ಡ ಮನೆಯ ಎರಡನೇ ಮಗ

1774ರ ಸೆಪ್ಟೆಂಬರ್ 14ರಂದು ಹುಟ್ಟಿದ ಬೆಂಟಿಂಕ್ ಸಾಮಾನ್ಯರ ಮನೆಯ ಹುಡುಗನಲ್ಲ. ತಂದೆ ಪೋರ್ಟ್‌ಲೆಂಡಿನ ಮೂರನೇ ಡ್ಯೂಕ್. ಎರಡು ಸಲ ಇಂಗ್ಲೆಂಡಿನ ಪ್ರಧಾನಮಂತ್ರಿಯಾಗಿದ್ದವರು. ಮೂಲದಲ್ಲಿ ಹಾಲೆಂಡಿನ ವಂಶ. 1688ರಲ್ಲಿ ಹಾಲೆಂಡಿನ ವಿಲಿಯಂ ಬಂದು ಇಂಗ್ಲೆಂಡಿನ ಸಿಂಹಾಸನ ಏರಿದಾಗ ಅವನ ಜೊತೆ ಬಂದು ನೆಲೆನಿಂತ ಮನೆತನ ಅದು.

ಆದರೆ ಆ ದೇಶದ ದೊಡ್ಡ ಮನೆಗಳಲ್ಲಿ ಒಂದು ಪದ್ಧತಿ. ನಮ್ಮಲ್ಲಿ ತೋಟ ಅಂದರೆ ಅಣ್ಣತಮ್ಮಂದಿರು ಮರ ಎಣಿಸಿ ಸಮಪಾಲು ಹಂಚಿಕೊಳ್ಳುತ್ತಾರೆ. ಅಲ್ಲಿ ಪದವಿ, ಜಮೀನು ಎಲ್ಲ ಹಿರಿಯ ಮಗನಿಗೆ. ವಿಲಿಯಂ ಎರಡನೆಯವರು. ಹೆಸರು ದೊಡ್ಡದು, ಕೈಯಲ್ಲಿ ಕಾಸು ಅಷ್ಟಕ್ಕಷ್ಟೆ. ತಂದೆಯವರಿಗೂ ಸಾಲದ ಹೊರೆ ಇತ್ತು. ಹೀಗಾಗಿ ಇವರು ದುಡಿದೇ ತಿನ್ನಬೇಕಾಯಿತು. 1791ರಲ್ಲಿ, ಇನ್ನೂ ಹದಿನೇಳು ತುಂಬುವ ಮುಂಚೆಯೇ, ಸೈನ್ಯ ಸೇರಿದರು. 1796ರಲ್ಲಿ ಪಾರ್ಲಿಮೆಂಟಿನ ಮೆಂಬರಾದರು. 1803ರಲ್ಲಿ ಲೇಡಿ ಮೇರಿ ಅಚೆಸನ್ ಜೊತೆ ಮದುವೆ. ಮಕ್ಕಳಾಗಲಿಲ್ಲ. ಅದೇ ವರ್ಷ ಮದ್ರಾಸಿನ ಗವರ್ನರ್ ಹುದ್ದೆ ಸಿಕ್ಕಿತು. ವಯಸ್ಸು ಆಗ 28!

ಅಪ್ಪನ ವಶೀಲಿ ಇಲ್ಲದೆ ಆ ವಯಸ್ಸಿಗೆ ಅಂಥ ಕುರ್ಚಿ ಸಿಗುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ವಶೀಲಿ ಕುರ್ಚಿಗೆ ಹತ್ತಿಸಬಹುದು, ಬೀಳದ ಹಾಗೆ ಹಿಡಿದುಕೊಳ್ಳುವುದಿಲ್ಲ. ಮೂರೇ ವರ್ಷಕ್ಕೆ ಅದು ಗೊತ್ತಾಯಿತು.

ವೆಲ್ಲೂರಿನ ರಾತ್ರಿ

1799ರಲ್ಲಿ ಶ್ರೀರಂಗಪಟ್ಟಣ ಬಿತ್ತಲ್ಲ, ಟಿಪ್ಪು ಸುಲ್ತಾನರ ಮಕ್ಕಳನ್ನು ಕಂಪನಿಯವರು ವೆಲ್ಲೂರು ಕೋಟೆಯಲ್ಲಿ ಕಾವಲಿಟ್ಟಿದ್ದರು. ಅದೇ ಕೋಟೆಯಲ್ಲಿ ಕಂಪನಿಯ ಸಿಪಾಯಿಗಳ ಪಾಳೆಯವೂ ಇತ್ತು. ಮದ್ರಾಸಿನ ಸೇನಾಪತಿ ಸರ್ ಜಾನ್ ಕ್ರಡಾಕ್ ಸಿಪಾಯಿಗಳಿಗೆ ಹೊಸ ನಿಯಮ ತಂದರು. ಹಣೆಗೆ ನಾಮ, ವಿಭೂತಿ ಹಚ್ಚಕೂಡದು. ಕಿವಿಗೆ ಒಂಟಿ ಹಾಕಕೂಡದು. ಗಡ್ಡ ಬೋಳಿಸಬೇಕು. ರುಮಾಲಿನ ಬದಲು ಹೊಸ ನಮೂನೆಯ ಟೋಪಿ ಧರಿಸಬೇಕು. ಜಾತಿ ಕೆಡಿಸಲಿಕ್ಕೇ ಇದೆಲ್ಲ ಅಂತ ಸಿಪಾಯಿಗಳಲ್ಲಿ ಗುಸುಗುಸು ಎದ್ದಿತು. ಬೇಡ ಅಂದವರಿಗೆ ಚಾಟಿಯೇಟು ಬಿತ್ತು. ಗವರ್ನರ್ ಬೆಂಟಿಂಕ್ ಸೇನಾಪತಿಯ ಮಾತಿಗೆ ಒಪ್ಪಿಗೆ ಕೊಟ್ಟು ಕೂತರು.

1806ರ ಜುಲೈ 10ರ ನಸುಕಿಗೆ ಕೋಟೆಯೊಳಗೆ ದಂಗೆ ಎದ್ದಿತು. ನೂರಕ್ಕೂ ಹೆಚ್ಚು ಬಿಳಿಯ ಸೈನಿಕರು ಸತ್ತರು. ಕೋಟೆಯ ಮೇಲೆ ಮೈಸೂರು ಸುಲ್ತಾನರ ಬಾವುಟ ಏರಿತು. ಬೆಳಗಿನೊಳಗೆ ಆರ್ಕಾಟಿನಿಂದ ಕುದುರೆ ದಂಡು ನುಗ್ಗಿ ಬಂತು. ಆಮೇಲೆ ನೂರಾರು ಸಿಪಾಯಿಗಳ ಹೆಣ ಬಿತ್ತು. 1857ರ ದಂಗೆಗೆ 51 ವರ್ಷ ಮುಂಚಿನ ಮಾತು ಇದು.

ಸುದ್ದಿ ಹಡಗಿನಲ್ಲಿ ಲಂಡನ್ ಮುಟ್ಟಿತು. ಕಂಪನಿಯ ಡೈರೆಕ್ಟರುಗಳು ಸೇನಾಪತಿಯನ್ನೂ ಗವರ್ನರನ್ನೂ ಇಬ್ಬರನ್ನೂ ವಾಪಸು ಕರೆಸಿದರು. 1807ರ ಸೆಪ್ಟೆಂಬರಿನಲ್ಲಿ ಮದ್ರಾಸಿಗೆ ಆರ್ಡರ್ ತಲುಪಿತು. ನಿನ್ನ ಕಡೆಯ ಸಮಜಾಯಿಷಿ ಏನು ಅಂತ ಕೇಳಿದವರಿಲ್ಲ. ವಿಚಿತ್ರ ನೋಡಿ, ಆ ಹೊತ್ತಿಗೆ ಇಂಗ್ಲೆಂಡಿನ ಪ್ರಧಾನಮಂತ್ರಿ ಬೇರೆ ಯಾರೂ ಅಲ್ಲ, ಇವರ ಸ್ವಂತ ತಂದೆಯೇ! ಆದರೂ ಉಳಿಸಿಕೊಳ್ಳಲು ಆಗಲಿಲ್ಲ.

ಈ ಅವಮಾನ ಬೆಂಟಿಂಕರ ಎದೆಗೆ ಮುಳ್ಳಿನ ಹಾಗೆ ನೆಟ್ಟಿತು. ನನ್ನ ಮಾತು ಕೇಳದೆ ನನ್ನನ್ನು ತಪ್ಪಿತಸ್ಥ ಮಾಡಿದಿರಿ ಅನ್ನುವುದು ಅವರ ತಕರಾರು. ಟೋಪಿಯ ನಿಯಮ ತನ್ನದಲ್ಲ, ಸೇನಾಪತಿಯದ್ದು ಅಂತ ವಾದಿಸಿ 1809ರಲ್ಲಿ ಡೈರೆಕ್ಟರುಗಳಿಗೆ ಉದ್ದದ ಮನವಿ ಕೊಟ್ಟರು. ಆಮೇಲೆ ಅದನ್ನು ಅಚ್ಚೂ ಹಾಕಿಸಿದರು. ಡೈರೆಕ್ಟರುಗಳು ನಾಲ್ಕು ಒಳ್ಳೆಯ ಮಾತಾಡಿದರೇ ಹೊರತು ಆರ್ಡರ್ ವಾಪಸು ತೆಗೆದುಕೊಳ್ಳಲಿಲ್ಲ. ಈ ಮನವಿಯ ವಿಷಯವನ್ನು ಓದುಗರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಮುಂದೆ ಕೆಲಸಕ್ಕೆ ಬರುತ್ತದೆ.

ಕಾದು ಕೂತ ಇಪ್ಪತ್ತು ವರ್ಷ

ಅಲ್ಲಿಂದ ಮುಂದಕ್ಕೆ ಸ್ಪೇನಿನಲ್ಲಿ ನೆಪೋಲಿಯನ್ ಮೇಲೆ ಯುದ್ಧ. 1811ರಿಂದ ಇಟಲಿಯ ಪಕ್ಕದ ಸಿಸಿಲಿ ದ್ವೀಪದಲ್ಲಿ ಬ್ರಿಟಿಷ್ ಸೇನೆಯ ಮುಖ್ಯಸ್ಥರು, ರಾಯಭಾರಿಯೂ ಅವರೇ. ಅಲ್ಲಿನ ರಾಜ ರಾಣಿಯರ ಕೈ ಕಟ್ಟಿ 1812ರಲ್ಲಿ ಇಂಗ್ಲೆಂಡ್ ಮಾದರಿಯ ಸಂವಿಧಾನ ಕೊಡಿಸಿದರು. 1814ರಲ್ಲಿ ಜಿನೋವಾ ಪಟ್ಟಣ ಹಿಡಿದು, ಅಲ್ಲಿನವರಿಗೆ ಅವರ ಹಳೆಯ ಗಣರಾಜ್ಯವನ್ನೇ ಮತ್ತೆ ಕೊಡುತ್ತೇನೆ ಅಂತ ಸಾರಿದರು. ಲಂಡನ್ನಿನವರು ಆ ಮಾತು ನಡೆಸಿಕೊಡದೆ ಪಟ್ಟಣವನ್ನು ಪಕ್ಕದ ರಾಜನಿಗೆ ಒಪ್ಪಿಸಿಬಿಟ್ಟರು. ಜನರಿಗೆ ಸ್ವಾತಂತ್ರ್ಯ ಕೊಡಬೇಕು ಅನ್ನುವ ಹುಚ್ಚು, ಆದರೆ ಅದನ್ನು ತಾನೇ ಮೇಲಿನಿಂದ ಕೊಡಬೇಕು ಅನ್ನುವ ಹಟ. ಎರಡೂ ಈ ಮನುಷ್ಯನಲ್ಲಿ ಒಟ್ಟಿಗೇ ಇದ್ದವು.

1819ರಲ್ಲಿ ಮದ್ರಾಸಿನ ಗವರ್ನರ್‌ಗಿರಿಯನ್ನು ಮತ್ತೆ ಕೊಡುತ್ತೇವೆ ಅಂದರು. ಬೇಡ ಅಂದುಬಿಟ್ಟರು. ಕಣ್ಣಿದ್ದದ್ದು ಕಲ್ಕತ್ತೆಯ ದೊಡ್ಡ ಗಾದಿಯ ಮೇಲೆ. ಅದು ಕೊನೆಗೂ ಸಿಕ್ಕಿತು. 1828ರ ಜುಲೈನಲ್ಲಿ ಗವರ್ನರ್ ಜನರಲ್ ಆಗಿ ಕಲ್ಕತ್ತೆಯಲ್ಲಿ ಇಳಿದರು. ವಯಸ್ಸು 53.

ಬಿಗಿ ಮುಷ್ಟಿಯ ದೊರೆ

ಅಂಗಡಿ ಇಟ್ಟವರಿಗೆ ಈ ಭಾಗ ಚೆನ್ನಾಗಿ ಅರ್ಥವಾಗುತ್ತದೆ. ಬೆಂಟಿಂಕ್ ಬಂದಾಗ ಕಂಪನಿಯ ಗಲ್ಲಾ ಪೆಟ್ಟಿಗೆ ಖಾಲಿ. ಬರ್ಮಾ ಯುದ್ಧ ಎಲ್ಲ ನುಂಗಿತ್ತು. ವರ್ಷ ವರ್ಷವೂ ಖೋತಾ. ಖರ್ಚು ಕಡಿಮೆ ಮಾಡಿ ಅಂತಲೇ ಮೇಲಿನವರು ಕಳಿಸಿದ್ದು. ಬಂದವರೇ ಬಂಗಾಳದ ಬಿಳಿ ಆಫೀಸರುಗಳ ಭತ್ಯೆಯನ್ನು ಅರ್ಧಕ್ಕೆ ಇಳಿಸಿದರು. ಆಫೀಸರುಗಳು ಮಾತು ಬಿಟ್ಟರು. ಇವರು ಜಗ್ಗಲಿಲ್ಲ. ಸಾದಾ ಬಟ್ಟೆ, ಡೌಲಿಲ್ಲದ ಸವಾರಿ. ಹೋಗುವ ಹೊತ್ತಿಗೆ ಖೋತಾ ಹೋಗಿ ಉಳಿತಾಯ ಕಾಣುವ ಹಾಗೆ ಮಾಡಿದ್ದರು. ತಾಜಮಹಲನ್ನು ಒಡೆದು ಹಾಲುಗಲ್ಲು ಹರಾಜು ಹಾಕಲು ಹೊರಟಿದ್ದರಂತೆ ಅಂತ ಒಂದು ಕಥೆ ಹುಟ್ಟಿತು. ಅದು ಸುಳ್ಳು. ಆಗ್ರಾ ಕೋಟೆಯ ಬಿದ್ದ ಕಲ್ಲುಗಳನ್ನು ಮಾರಿಸಿದ್ದಕ್ಕೆ ಬಾಲ ಬೆಳೆದು ಆದ ಕಥೆ ಅದು. ಆದರೆ ಜನ ನಂಬಿದರು ಅಂದರೆ ಇವರ ಕೈ ಎಷ್ಟು ಬಿಗಿ ಅನ್ನುವುದು ಗೊತ್ತಾಗುತ್ತದೆ.

ಜಿಪುಣತನ ಒಂದೇ ಅಲ್ಲ. 1829ರ ಡಿಸೆಂಬರ್ 4ರಂದು ಸತಿ ಹೋಗುವುದು ಅಪರಾಧ ಅಂತ ಕಾನೂನು ಮಾಡಿದರು. ರಾಜಾ ರಾಮಮೋಹನ ರಾಯರಂಥವರು ಆ ಅನಿಷ್ಟದ ವಿರುದ್ಧ ವರ್ಷಗಳಿಂದ ಬರೆದು ಹೋರಾಡಿದ್ದರು. ಹಿಂದಿನ ಗವರ್ನರ್ ಜನರಲ್‌ಗಳು ದಂಗೆ ಆದೀತು ಅಂತ ಹೆದರಿ ಮುಂದೂಡಿದ್ದರು. ವೆಲ್ಲೂರಿನಲ್ಲಿ ಕೈ ಸುಟ್ಟುಕೊಂಡಿದ್ದ ಮನುಷ್ಯನೇ ಧೈರ್ಯ ಮಾಡಿದ್ದು ಸಣ್ಣ ಮಾತಲ್ಲ. ದಾರಿಹೋಕರ ಕೊರಳಿಗೆ ಉರುಲು ಹಾಕಿ ದೋಚುತ್ತಿದ್ದ ಠಗ್ಗರನ್ನು ಹಿಡಿಯುವ ಕೆಲಸ ಕರ್ನಲ್ ಸ್ಲೀಮನ್ ಕೈಗೆ ಬಂತು. ಇಂಡಿಯಾದವರಿಗೆ ನ್ಯಾಯಾಸ್ಥಾನಗಳಲ್ಲಿ, ಕಂದಾಯ ಇಲಾಖೆಯಲ್ಲಿ ಮೊದಲಿಗಿಂತ ದೊಡ್ಡ ಹುದ್ದೆ ಸಿಕ್ಕವು. 1835ರಲ್ಲಿ ಕಲ್ಕತ್ತೆಗೆ ಮೆಡಿಕಲ್ ಕಾಲೇಜು ಬಂತು. ಅದೇ ವರ್ಷ ಇಂಗ್ಲಿಷ್ ವಿದ್ಯಾಭ್ಯಾಸಕ್ಕೆ ಸರ್ಕಾರದ ದುಡ್ಡು ಅಂತ ತೀರ್ಮಾನವಾಯಿತು. ಇಂಡಿಯಾದ ಸಿಪಾಯಿಗಳಿಗೆ ಚಾಟಿಯೇಟು ನಿಂತದ್ದೂ ಅದೇ ವರ್ಷ. ವೆಲ್ಲೂರಿನ ಪಾಠ ಅಷ್ಟು ಮಟ್ಟಿಗಾದರೂ ತಲೆಯಲ್ಲಿ ಉಳಿದಿತ್ತು.

ನಗರದ ದಂಗೆ, ಸಿಮ್ಲಾದ ಕಾಗದ

ಈಗ ನಮ್ಮ ಸೀಮೆಗೆ ಬರೋಣ. 1799ರಲ್ಲಿ ಮೈಸೂರಿನ ಗಾದಿಗೆ ಕೂತಾಗ ಮುಮ್ಮಡಿ ಕೃಷ್ಣರಾಜ ಒಡೆಯರು ಐದು ವರ್ಷದ ಮಗು. ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸಿದರು. ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ, ಅಂದರೆ 24 ಲಕ್ಷ 50 ಸಾವಿರ ರೂಪಾಯಿ, ಪೊಗದಿ ಕಟ್ಟಬೇಕು ಅಂತ ಕರಾರು. ಆ ಹಣಕ್ಕೆ ಅಪಾಯ ಬಂತು ಅಂತ ಕಂಡರೆ ಸೀಮೆಯನ್ನು ಕೈಗೆ ತೆಗೆದುಕೊಳ್ಳಬಹುದು ಅಂತ ಅದರಲ್ಲೇ ಒಂದು ಷರತ್ತು.

ಪೂರ್ಣಯ್ಯನವರ ಕಾಲ ಮುಗಿದ ಮೇಲೆ ಅರಮನೆಯ ಖರ್ಚು ಏರಿತು. ಖಜಾನೆ ಇಳಿಯಿತು. ಷರ್ತಿ ಅನ್ನುವ ಪದ್ಧತಿ ಜೋರಾಯಿತು. ಸಂತೆ ಸುಂಕದ ಹರಾಜು ಕೂಗುವವರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ತಾಲ್ಲೂಕಿನಿಂದ ಇಷ್ಟು ಕಂದಾಯ ಎತ್ತಿಕೊಡುತ್ತೇನೆ ಅಂತ ಅಮಲ್ದಾರ ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ಅವನೇ ತುಂಬಬೇಕು. ಅವನು ಕೈಯಿಂದ ತುಂಬುತ್ತಾನೆಯೇ? ರೈತನ ಕುತ್ತಿಗೆ ಹಿಡಿದ. 1800ರಲ್ಲಿ ಈ ಕಡೆ ಓಡಾಡಿದ ಬುಕನನ್ ಅನ್ನುವ ಡಾಕ್ಟರು ಚಿಕ್ಕನಾಯಕನಹಳ್ಳಿ ಸುತ್ತಿನ ತೋಟಗಳನ್ನು ಕಂಡು ಬರೆದಿಟ್ಟಿದ್ದಾರೆ. ತೋಟ ಇದ್ದ ಕಡೆ ಕಂದಾಯದವರ ಕಣ್ಣು ಇರದೆ ಇರುತ್ತದೆಯೇ?

ಬೆಂಕಿ ಹತ್ತಿದ್ದು ಮಲೆನಾಡಿನಲ್ಲಿ. 1830ರಲ್ಲಿ ನಗರದ ಸೀಮೆಯ ರೈತರು ಕೂಟ ಕಟ್ಟಿ ಕಂದಾಯ ಕೊಡುವುದಿಲ್ಲ ಅಂತ ನಿಂತರು. ಕೆಳದಿ ನಗರದ ವಾರಸುದಾರ ನಾನೇ ಅಂತ ಬೂದಿ ಬಸವಪ್ಪ ಅನ್ನುವವನು ಮುಂದೆ ಬಂದ. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕ ಜೊತೆ ಸೇರಿದ. ಅರಸರ ದಂಡಿನಿಂದ ಹತೋಟಿಗೆ ಬರಲಿಲ್ಲ. ಕಂಪನಿಯ ದಂಡು ಬಂದು 1831ರ ಜೂನಿನಲ್ಲಿ ನಗರವನ್ನು ಹಿಡಿಯಿತು.

ಬೆಂಟಿಂಕ್ ಆಗ ಇದ್ದದ್ದು ದೂರದ ಸಿಮ್ಲಾ ಕಡೆ. ಪಂಜಾಬಿನ ರಣಜಿತ್ ಸಿಂಗರ ಭೇಟಿಗೆ ತಯಾರಿ ನಡೆದಿತ್ತು. ಮೈಸೂರಿನ ಸುದ್ದಿಯೆಲ್ಲ ಬಂದದ್ದು ಮದ್ರಾಸಿನ ಕಾಗದಗಳಲ್ಲಿ. ಅವನ್ನು ಓದಿ 1831ರ ಸೆಪ್ಟೆಂಬರ್ 7ರಂದು ಅರಸರಿಗೆ ಒಂದು ಕಾಗದ ಬರೆದರು. ಆಡಳಿತ ಕೆಟ್ಟಿದೆ, ಪೊಗದಿಗೆ ಅಪಾಯವಿದೆ, ಆದ್ದರಿಂದ ಸಂಸ್ಥಾನವನ್ನು ಕಮಿಷನರುಗಳ ಕೈಗೆ ಒಪ್ಪಿಸಿ ಅನ್ನುವುದು ಅದರ ಸಾರಾಂಶ. ಅರಸರನ್ನು ಕರೆಸಿ ಕೇಳಲಿಲ್ಲ. ವಿಚಾರಣೆ ಆಗಲಿಲ್ಲ. ಅಕ್ಟೋಬರ್ 19ರಂದು ಅರಸರು ಅಧಿಕಾರ ಬಿಟ್ಟುಕೊಟ್ಟರು. ತಕರಾರು ಮಾಡಲಿಲ್ಲ, ಕತ್ತಿ ಹಿಡಿಯಲಿಲ್ಲ. ಅವರಿಗೆ ಮೈಸೂರಿನ ಅರಮನೆ, ವರ್ಷಕ್ಕೆ 1 ಲಕ್ಷ ವರಹ, ನಿವ್ವಳ ಉತ್ಪತ್ತಿಯಲ್ಲಿ ಐದನೇ ಒಂದು ಪಾಲು ಉಳಿಯಿತು.

ವೆಲ್ಲೂರಿನ ಕೇಸಿನಲ್ಲಿ ನನ್ನ ಮಾತು ಕೇಳಲಿಲ್ಲ ಅಂತ ವರ್ಷಗಟ್ಟಲೆ ಗೋಳಾಡಿದ ಮನುಷ್ಯ ಇವರೇ. ಅದೇ ಅಳತೆಗೋಲು ಕೈಗೆ ಬಂದಾಗ ಇವರೂ ಹಾಗೆಯೇ ಅಳೆದರು.

ಮೊದಲು ಶಿಕ್ಷೆ, ಆಮೇಲೆ ವಿಚಾರಣೆ

ಅಧಿಕಾರ ಕಿತ್ತುಕೊಂಡ ಮೇಲೆ ದಂಗೆಗೆ ಕಾರಣವೇನು ಅಂತ ತಿಳಿಯಲು ಒಂದು ಸಮಿತಿ ನೇಮಕವಾಯಿತು. ಹಾಕರ್, ಮಾರಿಸನ್, ಮ್ಯಾಕ್‌ಲಿಯಾಡ್, ಕಬ್ಬನ್ ಅನ್ನುವ ನಾಲ್ವರು. ಎರಡು ವರ್ಷ ದಾಖಲೆ ನೋಡಿ 1833ರ ಡಿಸೆಂಬರಿನಲ್ಲಿ ವರದಿ ಕೊಟ್ಟರು. ಅಧಿಕಾರಿಗಳ ದಬ್ಬಾಳಿಕೆ ನಿಜ, ಅರಸರ ದುಂದು ಮತ್ತು ಉದಾಸೀನವೂ ನಿಜ. ಆದರೆ ಮೊದಲು ಬಂದ ದೂರುಗಳಲ್ಲಿ ಹೇಳಿದಷ್ಟು ಕೆಟ್ಟಿರಲಿಲ್ಲ ಅಂತ ಅದರಿಂದ ಗೊತ್ತಾಯಿತು.

ಬೆಂಟಿಂಕ್ ವರದಿಯನ್ನು ಮುಚ್ಚಿಡಲಿಲ್ಲ. ಅದು ಅವರ ದೊಡ್ಡ ಗುಣ. 1834ರಲ್ಲಿ ದಕ್ಷಿಣಕ್ಕೆ ಬಂದು ತಿಂಗಳುಗಟ್ಟಲೆ ಊಟಿಯಲ್ಲಿ ತಂಗಿದ್ದಾಗ ಮೈಸೂರಿನ ಕಡತ ಮತ್ತೆ ಬಿಚ್ಚಿದರು. ಪೊಗದಿಗೆ ತಕ್ಷಣದ ಅಪಾಯವೇನೂ ಇರಲಿಲ್ಲ ಅಂತ ಲಂಡನ್ನಿಗೆ ತಾವೇ ಬರೆದು ಒಪ್ಪಿಕೊಂಡರು. ಕರಾರಿನ ಪ್ರಕಾರ ಪೊಗದಿಗೆ ಸಾಕಾಗುವಷ್ಟು ಸೀಮೆ ತೆಗೆದುಕೊಳ್ಳಬಹುದಿತ್ತೇ ಹೊರತು ಇಡೀ ಸಂಸ್ಥಾನ ತೆಗೆದುಕೊಂಡದ್ದು ಸರಿಯೇ ಅನ್ನುವ ಅನುಮಾನವೂ ಅವರಿಗೆ ಬಂತು. ಮೈಸೂರು, ಅಷ್ಟಗ್ರಾಮ, ಮಂಜರಾಬಾದ್ ಸೀಮೆಗಳನ್ನಾದರೂ ಅರಸರಿಗೆ ವಾಪಸು ಕೊಡೋಣ ಅಂತ ಶಿಫಾರಸು ಮಾಡಿದರು.

ಲಂಡನ್ನಿನ ಡೈರೆಕ್ಟರುಗಳು ಒಪ್ಪಲಿಲ್ಲ. ಕೈಗೆ ಬಂದ ಕೊಬ್ಬರಿ ಮೂಟೆಯನ್ನು ಯಾವ ಮಂಡಿಯವನು ವಾಪಸು ಕೊಟ್ಟಾನು? ತಾನು ಒಂದು ರುಜುವಿನಲ್ಲಿ ಮಾಡಿದ್ದನ್ನು ಗವರ್ನರ್ ಜನರಲ್ ಆಗಿದ್ದೂ ಮತ್ತೊಂದು ರುಜುವಿನಲ್ಲಿ ಅಳಿಸಲು ಬೆಂಟಿಂಕರಿಗೆ ಆಗಲಿಲ್ಲ. ತನ್ನ ಇಂಡಿಯಾದ ಆಡಳಿತದಲ್ಲಿ ನೆನೆಸಿಕೊಂಡರೆ ನೋವಾಗುವ ಕೆಲಸ ಮೈಸೂರಿನದೊಂದೇ ಅಂತ ಅವರು ಹೇಳಿಕೊಂಡಿದ್ದರು ಅಂತ ಆ ಕಾಲದವರು ಬರೆದಿದ್ದಾರೆ.

ಹಾಗಂತ ಬುದ್ಧಿ ಪೂರ್ತಿ ಬದಲಾಯಿತು ಅನ್ನುವ ಹಾಗಿಲ್ಲ. ಅದೇ 1834ರಲ್ಲಿ ಕೊಡಗಿನ ಚಿಕವೀರರಾಜನನ್ನು ಇಳಿಸಿ ಕೊಡಗನ್ನು ಕಂಪನಿಗೆ ಸೇರಿಸಿಕೊಂಡದ್ದೂ ಇದೇ ಬೆಂಟಿಂಕರ ಆಡಳಿತ. ಮಾಸ್ತಿಯವರ ಕಾದಂಬರಿ ಓದಿದವರಿಗೆ ಆ ಕಥೆ ಗೊತ್ತು.

ಡಾಬಸ್‌ಪೇಟೆಯ ಹೆಸರು

1834ರಲ್ಲಿ ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆದರು. ಈಗಿನ ಮಾತಿನಲ್ಲಿ ಹೇಳುವುದಾದರೆ ಆಡಳಿತಾಧಿಕಾರಿ. 1861ರವರೆಗೆ, ಅಂದರೆ 27 ವರ್ಷ, ಅದೇ ಕುರ್ಚಿ! ಬೆಂಗಳೂರಿನ ಕಬ್ಬನ್ ಪಾರ್ಕಿನ ಕಬ್ಬನ್ ಇವರೇ. ಮಧುಗಿರಿಯೂ ಸೇರಿದ ಆರು ಹಳೆಯ ಫೌಜುದಾರಿಗಳನ್ನು ಕೂಡಿಸಿ ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಅಂತ ನಾಲ್ಕು ವಿಭಾಗ ಮಾಡಿದರು. ಚಿತ್ರದುರ್ಗ ವಿಭಾಗಕ್ಕೆ ಬಂದ ಡಾಬ್ಸ್ ಅನ್ನುವ ಅಧಿಕಾರಿ ತುಮಕೂರಿನಲ್ಲಿ ಬಹಳ ವರ್ಷ ಇದ್ದರು. ಬೆಂಗಳೂರಿಗೆ ಹೋಗುವ ನಮ್ಮ ಬಸ್ಸುಗಳು ತುಮಕೂರು ದಾಟಿ ನಿಲ್ಲುವ ಡಾಬಸ್‌ಪೇಟೆಗೆ ಆ ಹೆಸರು ಬಂದದ್ದು ಅವರಿಂದ. ದಿನಾ ಆ ಸ್ಟಾಪಿನ ಹೆಸರು ಕೂಗುವ ಕಂಡಕ್ಟರು ತಿಳಿದೋ ತಿಳಿಯದೆಯೋ ಬೆಂಟಿಂಕರ ಸೂಪರ್‌ಸೀಡ್ ಆರ್ಡರಿನ ಬಾಲವನ್ನೇ ಕೂಗುತ್ತಾರೆ.

ಇದ್ದದ್ದು ಇದ್ದ ಹಾಗೆ ಹೇಳಬೇಕು. ಕಮಿಷನರ ಕಾಲದಲ್ಲಿ ಒಳ್ಳೆಯದೂ ಆಯಿತು. ಷರ್ತಿ ಹೋಯಿತು. ಏಳುನೂರಕ್ಕೂ ಹೆಚ್ಚು ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದವು. ರಸ್ತೆಗಳಾದವು. ಗಾಡಿಯಲ್ಲಿ ಮಾಲು ಸಾಗಿಸುವವನಿಗೆ ಉಸಿರಾಡಲು ಸಾಧ್ಯವಾಯಿತು. ಸೂಪರ್‌ಸೀಡ್ ಆದ ಕಡೆ ಕೆಲಸ ಚೆನ್ನಾಗಿ ನಡೆಯುತ್ತದೆ ಅನ್ನುವವರಿಗೆ ಇದು ಒಳ್ಳೆಯ ಉದಾಹರಣೆಯೇ. ಆದರೆ ಒಳ್ಳೆಯ ಅಧಿಕಾರಿ ಬಂದ ಅನ್ನುವ ಕಾರಣಕ್ಕೆ ಕೇಳದೆ ಕಿತ್ತುಕೊಂಡದ್ದು ನ್ಯಾಯವಾಗುತ್ತದೆಯೇ? ಮೈಸೂರಿನ ಅರಮನೆಯಲ್ಲಿ ಕೂತ ಮುಮ್ಮಡಿಯವರು ಈ ಪ್ರಶ್ನೆಯನ್ನು ಜೀವಮಾನವೆಲ್ಲ ಕೇಳಿದರು. ವಿದ್ವಾಂಸರನ್ನು ಸಾಕಿದರು, ಗ್ರಂಥ ಬರೆಸಿದರು, ಚದುರಂಗದಲ್ಲಿ ಹೊಸ ಹೊಸ ಚಮತ್ಕಾರ ಕಟ್ಟಿದರು. ಜೊತೆಗೆ ಅರ್ಜಿ ಮೇಲೆ ಅರ್ಜಿ ಹಾಕಿದರು. 1865ರಲ್ಲಿ ದತ್ತು ತೆಗೆದುಕೊಂಡರು. ದತ್ತುಪುತ್ರನಿಗೆ ರಾಜ್ಯ ಕೊಡುತ್ತೇವೆ ಅಂತ 1867ರಲ್ಲಿ ಲಂಡನ್ನಿನಿಂದ ಒಪ್ಪಿಗೆ ಬಂತು. 1868ರ ಮಾರ್ಚ್ 27ರಂದು ಮುಮ್ಮಡಿಯವರು ತೀರಿಕೊಂಡರು. 1881ರ ಮಾರ್ಚ್ 25ರಂದು ಚಾಮರಾಜ ಒಡೆಯರಿಗೆ ಅಧಿಕಾರ ಬಂತು. ವಾಪಸು ಕೊಡುವಾಗಲೂ ಕಂಪನಿಯ ಜಾಗಕ್ಕೆ ಬಂದಿದ್ದ ಸರ್ಕಾರ ಪೊಗದಿಯನ್ನು 35 ಲಕ್ಷ ರೂಪಾಯಿಗೆ ಏರಿಸುವ ಕರಾರು ಬರೆಸಿಕೊಂಡಿತು!

ಬೆಂಟಿಂಕರು 1835ರ ಮಾರ್ಚಿನಲ್ಲೇ ಇಂಡಿಯಾ ಬಿಟ್ಟಿದ್ದರು. ಸ್ವಂತ ಹೆಸರಿಗೆ ಲಾರ್ಡ್ ಪದವಿ ಕೊಡುತ್ತೇವೆ ಅಂದರೂ ತೆಗೆದುಕೊಳ್ಳಲಿಲ್ಲ. ಗ್ಲಾಸ್ಗೋ ಪಟ್ಟಣದಿಂದ ಪಾರ್ಲಿಮೆಂಟಿಗೆ ಆರಿಸಿ ಹೋದರು. 1839ರ ಜೂನ್ 17ರಂದು ಪ್ಯಾರಿಸಿನಲ್ಲಿ ತೀರಿಕೊಂಡರು. ಕಲ್ಕತ್ತೆಯಲ್ಲಿ ಅವರ ವಿಗ್ರಹ ನಿಲ್ಲಿಸಿದರು. ಪೀಠದ ಸುತ್ತ ಸತಿಯ ಚಿತ್ರ ಕೆತ್ತಿಸಿದರು. ಅದು ಅವರಿಗೆ ಸಲ್ಲಬೇಕಾದ ಗೌರವವೇ. ಎಷ್ಟೋ ಹೆಣ್ಣುಮಕ್ಕಳ ಜೀವ ಉಳಿಸಿದ ಕೈ ಅದು.

ಅದೇ ಕೈ ಕೇಳದೆ ಒಂದು ರುಜು ಹಾಕಿತು. ಬೆಂಟಿಂಕ್ ಕೆಟ್ಟವರಲ್ಲ. ಲಂಚ ತಿನ್ನಲಿಲ್ಲ. ದುಂದು ಮಾಡಲಿಲ್ಲ. ಅನ್ಯಾಯವಾದಾಗ ಹೇಗಿರುತ್ತದೆ ಅಂತ ಸ್ವಂತ ಅನುಭವದಿಂದ ಗೊತ್ತಿತ್ತು. ಅಂಥವರಿಂದಲೇ ಹೀಗಾಯಿತು ಅಂದರೆ ಉಳಿದವರ ಪಾಡೇನು? ನಮ್ಮ ಕಡೆ ಸೂಪರ್‌ಸೀಡ್ ಆರ್ಡರ್‌ಗೆ ರುಜು ಹಾಕುವವರು ಪೆನ್ನಿನ ಮುಚ್ಚಳ ತೆಗೆಯುವ ಮುಂಚೆ ಎದುರಿನವನ ಮಾತನ್ನು ಅರ್ಧ ಗಂಟೆ ಕೇಳಲಿ. ತೆಂಗಿನ ಮರದಿಂದ ಕಾಯಿ ಕೆಡವಲು ಒಂದೇ ಏಟು ಸಾಕು. ಕೆಡವಿದ ಕಾಯಿಯನ್ನು ಮತ್ತೆ ಗೊನೆಗೆ ಅಂಟಿಸಿದವರನ್ನು ಈ ಸೀಮೆಯಲ್ಲಿ ಯಾರೂ ಕಂಡಿಲ್ಲ.